ಬೇಸರವೇ ಇಲ್ಲದ ಊರು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹೊಳೆನರಸೀಪುರದ ಕಡೆ ಗ್ರಾಮಸೇವಿಕೆಯಾಗಿದ್ದೆ. ಅರಕಲಗೂಡು ರಸ್ತೆಯ ಒಂದು ಹಳ್ಳಿಯಲ್ಲಿ ಮಹಿಳಾ ಸಮಾಜ ನಡೆಸುವುದು ನನ್ನ ಪಾಲಿಗೆ ಬಂದಿತ್ತು. ಹೆಸರಿಗೆ ಹೊಲಿಗೆ ಕ್ಲಾಸು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಹೆಂಗಸರೆಲ್ಲ ಶಾಲೆಯ ಜಗಲಿಗೆ ಬರುತ್ತಿದ್ದರು. ಹೊಲಿಗೆ ಯಂತ್ರ ಮೂಲೆಯಲ್ಲಿ ತೂಕಡಿಸುತ್ತಿತ್ತು, ಇವರು ಹುಣಸೆಹಣ್ಣು ಬಿಡಿಸುತ್ತ ಊರಿನ ಗಂಡಸರನ್ನೆಲ್ಲ ಜಾಲಾಡುತ್ತಿದ್ದರು. ನಾನೂ ಬಾಯಿ ಹಾಕುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆ ಗುಂಪಿಗೆ ಒಬ್ಬ ಸೊಸೆ ಬರುತ್ತಿದ್ದಳು. ಚೊಚ್ಚಲ ಮಗು ತೀರಿಕೊಂಡ ಮೇಲೆ ಊಟ, ಮಾತು ಎರಡನ್ನೂ ಬಿಟ್ಟಿದ್ದವಳನ್ನು ನೆರೆಮನೆಯವರು ಎಳೆದುಕೊಂಡು ಬಂದು ಕೂರಿಸಿದ್ದರು. ಕೆಲವು ತಿಂಗಳು ಗೋಡೆ ನೋಡುತ್ತ ಕೂತವಳು, ಒಂದು ದಿನ ಯಾರದೋ ಗಂಡನ ಗೊರಕೆಯ ಮಾತಿಗೆ ಕಿಸಕ್ಕನೆ ನಕ್ಕಳು. ಆಮೇಲೆ ಅಳುವುದೂ ಶುರುವಾಯಿತು, ಊಟವೂ. ನನಗೆ ಎಷ್ಟು ಸಂತೋಷವಾಯಿತೆಂದರೆ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಮನೆಗೆ ಹೋದೆ. ಅವಳ ಅತ್ತೆ ಮಾತ್ರ ದಿನವೂ ಬಂದು ಕಂಬಕ್ಕೊರಗಿ ಕೂತು, "ಕೆಲ್ಸ ಇಲ್ದೋರ ಕೂಟ" ಎಂದು ಗೊಣಗುತ್ತಿದ್ದಳು.

ಹೀಗಿರುವಾಗ ಹಾಸನದಿಂದ ಒಬ್ಬ ಅಧಿಕಾರಿ ಬರುತ್ತಾರೆಂದು ಗೊತ್ತಾಯಿತು. ಸಮಾಜದಿಂದ ಹೆಂಗಸರ ಮನಸ್ಸಿಗೆ ಏನಾದರೂ ನೆಮ್ಮದಿ ಸಿಕ್ಕಿದೆಯೋ, ಇದನ್ನು ಮುಂದುವರಿಸಬೇಕೋ ಬೇಡವೋ ಎಂದು ಅವರು ನೋಡಬೇಕಿತ್ತು. "ಇದ್ದದ್ದು ಇದ್ದ ಹಾಗೆ ಹೇಳಿ" ಎಂದು ನಾನು ಬಾಯಿ ನೋಯುವಷ್ಟು ಹೇಳಿದೆ. ನಮ್ಮವರು ಕೇಳಬೇಕಲ್ಲ! ಹೆಣ್ಣು ನೋಡಲು ಬಂದವರ ಮುಂದೆ ಕೂರುವ ಹಾಗೆ ಮದುವೆ ಸೀರೆ ಉಟ್ಟು, ಹೂ ಮುಡಿದು ಸಾಲಾಗಿ ಕೂತರು.

"ಮೊದಲು ನಿಮಗೆ ಬೇಸರ, ಚಿಂತೆ ಏನಾದರೂ ಇತ್ತೇನಮ್ಮ?" ಎಂದು ಅಧಿಕಾರಿ ಕೇಳಿದರು.

"ಬ್ಯಾಸ್ರ ನಮ್ಗ್ಯಾಕೆ ಸಾ? ಚೆಂದಾಗಿದ್ದೀವಿ."

"ಮನೆಯಲ್ಲಿ ಜಗಳ?"

"ಅಂಗಂದ್ರೇನು ಸಾ?" ಎಂದವಳು ಹಿಂದಿನ ದಿನವಷ್ಟೇ ವಾರಗಿತ್ತಿಯ ಜುಟ್ಟು ಹಿಡಿದಿದ್ದಳು.

ಮನೆಯ ಮಾತನ್ನು ಪರಸ್ಥಳದವರ ಮುಂದೆ ಹಾಕುವುದುಂಟೇ ಎಂಬುದು ಅವರ ಲೆಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಅಧಿಕಾರಿ ಎಳನೀರು ಕುಡಿದು ಎದ್ದರು. "ತೊಂದರೆಯೇ ಇಲ್ಲದ ಊರಿಗೆ ಇದೇಕೆ? ಬೇಕಾದ ಊರಿಗೆ ಕೊಡೋಣ. ಮುಂದಿನ ತಿಂಗಳಿಂದ ನೀವು ಅಲ್ಲಿಗೆ ಹೋಗಿ" ಎಂದು ನನಗೆ ಹೇಳಿದರು. ಸೊಸೆಯ ಮುಖ ಇಳಿದುಹೋಯಿತು. ಏನೋ ಹೇಳಲು ಬಾಯಿ ತೆರೆದವಳು ಅತ್ತೆಯತ್ತ ನೋಡಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಅತ್ತೆಯೇ ಎದ್ದು ಮುಂದೆ ಬಂದಳು. "ನಿಲ್ಲಿಸ್ಬ್ಯಾಡಿ ಸಾ. ಇವ್ರೆಲ್ಲ ಸುಳ್ಳೇಳ್ತಾವ್ರೆ. ನಮ್ಮ ಸೊಸೆ ಸಾಯಾಕೆ ಅಂತ ಬಾವಿತಾವ ಓಗಿದ್ಲು. ಕಟ್ಟೆ ಮೇಲೆ ನಿಂತ್ಕಂಡು, ಯಾಕೋ ವಾಪಸ್ ಬಂದ್ಲು. ಈಗ ಇಲ್ಲಿಗೆ ಬತ್ತಾಳೆ, ಉಣ್ತಾಳೆ, ನಿದ್ದೆ ಮಾಡ್ತಾಳೆ. ನೀವು ನಿಲ್ಲಿಸ್ಬುಟ್ರೆ ನಾನೇನ್ ಮಾಡ್ಲಿ?"

ಅಧಿಕಾರಿ ಮತ್ತೆ ಕೂತರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಾಯಿ ಬಿಟ್ಟರು, ಸಮಾಜ ಉಳಿಯಿತು. ಆದರೆ ಅದೆಲ್ಲ ಶುರುವಾಗುವ ಮೊದಲು ಸೊಸೆ ಬೆಚ್ಚಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

"ನಿಮ್ಗೊತ್ತಿತ್ತಾ ಅತ್ತೆಮ್ಮ? ನಾನ್ ಯಾರ್ಗೂ ಏಳಿರ್ಲಿಲ್ಲ."

"ಗೊತ್ತಿಲ್ದೆ ಏನವ್ವ? ಈ ಸೊಂಟ್ನೋವು ಇಟ್ಕಂಡು, ಅವತ್ತಿಂದ ನೀರಿಗೆ ನಾನೇ ಓಯ್ತಿಲ್ವ?"