ಕಡಬದ ಪುಟ್ಟತಾಯಮ್ಮ ಎಂಬ ಹಿನ್ನೆಲೆ

ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೊಬೈಲ್ ತೆರೆದರೆ ನನ್ನದೇ ಮುಖ ನನ್ನನ್ನು ನೋಡಿ ನಗುತ್ತಿತ್ತು. ಹಿರೇಹಳ್ಳಿಯ ಒಂದು ಕಾರ್ಖಾನೆಯವರು ತಮ್ಮ ನೌಕರರಿಗೆ ನನ್ನಿಂದ ಅರ್ಧ ದಿನದ ಹಾಸ್ಯದ ತರಗತಿ ಮಾಡಿಸುವವರಿದ್ದರು. ಇದು ಅದರ ಪೋಸ್ಟರ್. ಫೋಟೋದ ಕೆಳಗೆ ಹೀಗಿತ್ತು: 'ವಿದೇಶಿ ತಜ್ಞರಿಂದ ತರಬೇತಿ ಪಡೆದ ಖ್ಯಾತ ರಂಗಶಿಕ್ಷಕ.' ನೀವು ನನ್ನನ್ನು ನೋಡಿದವರಲ್ಲ, ಆದ್ದರಿಂದ ಹೇಳಿಬಿಡುತ್ತೇನೆ. ನಾನು ಕಂಡ ವಿದೇಶವೆಂದರೆ ತಿರುಪತಿ. ಅಲ್ಲಿ ನನಗೆ ತರಬೇತಿ ಕೊಟ್ಟವರು ಕ್ಯೂನಲ್ಲಿ ಹಿಂದಿನಿಂದ ತಳ್ಳಿದವರು ಮಾತ್ರ. ನಗು ಬರಬೇಕಾಗಿತ್ತು, ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ತುಮಕೂರಿನಲ್ಲಿ ನಾನು ವಾರವಿಡೀ ಒಂದು ಕಾಲೇಜಿನ ಗುಮಾಸ್ತ, ಭಾನುವಾರ ಮಾತ್ರ ಮೇಷ್ಟ್ರು. ನಾನು ಕಲಿಸುವುದಕ್ಕೆ ಈಗಿನವರು ಇಂಪ್ರಾವ್ ಅನ್ನುತ್ತಾರೆ. ಬರೆದಿಟ್ಟ ಮಾತಿಲ್ಲ, ಬಾಯಿಪಾಠವಿಲ್ಲ. ಎದುರಿಗಿರುವವರು ಏನಂದರೋ ಅದನ್ನೇ ಹಿಡಿದು ನಿಂತ ಜಾಗದಲ್ಲೇ ಹಾಸ್ಯ ಕಟ್ಟಬೇಕು. ಇದನ್ನು ಕಲಿಸುವ ನಮ್ಮಂಥವರ ಹಿನ್ನೆಲೆ ಕೆದಕಿ ನೋಡಿ, ಒಬ್ಬೊಬ್ಬರದೂ ಒಂದೊಂದು ಕಥೆ. ನನ್ನ ಗೆಳೆಯನೊಬ್ಬ ಹರೆಯದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು 'ಗುಬ್ಬಿ ನಿಟ್ಟೂರು, ಗುಬ್ಬಿ ನಿಟ್ಟೂರು' ಎಂದು ಪ್ರೈವೇಟ್ ಬಸ್ಸಿಗೆ ಜನರನ್ನು ಕೂಗುತ್ತಿದ್ದ. ಹತ್ತಲು ಮನಸ್ಸಿಲ್ಲದ ಮುದುಕಿಯನ್ನೂ ನಗಿಸಿ ಹತ್ತಿಸುತ್ತಿದ್ದ. ಈಗ ಅದನ್ನೇ 'ಧ್ವನಿ ಸಂಸ್ಕಾರ' ಎಂದು ತನ್ನ ಪರಿಚಯದಲ್ಲಿ ಹಾಕಿಕೊಳ್ಳುತ್ತಾನೆ. ಯಾಕಪ್ಪ ಎಂದರೆ, "ಬಸ್‌ಸ್ಟ್ಯಾಂಡ್ ಅಂದ್ರೆ ಯಾರ್ ಬರ್ತಾರೆ ಗುರು ಕ್ಲಾಸಿಗೆ?" ಅನ್ನುತ್ತಾನೆ. ಅವನ ಹಿನ್ನೆಲೆ ಅವನದು, ಮುಚ್ಚಿಕೊಳ್ಳಲಿ. ನನ್ನದನ್ನು ಅಳಿಸಲು ಇವರು ಯಾರು?

ಕಾರ್ಖಾನೆಯಿಂದ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ ಶ್ವೇತಾ ಎಂಬ ಹುಡುಗಿ ಹಿಂದಿನ ವಾರವೇ ಫೋನ್ ಮಾಡಿ ನನ್ನ ಬ್ಯಾಕ್‌ಗ್ರೌಂಡ್ ಕೇಳಿದ್ದಳು. ನಾನು ನಗುತ್ತಲೇ, "ನಮ್ಮ ಸೋದರತ್ತೆ ಕಡಬದ ಪುಟ್ಟತಾಯಮ್ಮ ನನ್ನ ಗುರು. ಮದುವೆ ಮನೇಲಿ ಬೀಗರನ್ನ ಬೈದು ಹಾಡ್ತಿದ್ರು. ಹಾಗೇ ಬರ್ಕೊಳಮ್ಮ" ಎಂದಿದ್ದೆ. ಈಗ ನಾನೇ ಫೋನ್ ಮಾಡಿ ರೇಗಿದೆ. ಪಾಪ, ಅವಳು ಹೆದರಿಕೊಂಡು, "ನೀವ್ ಹೇಳಿದ್ದೇ ಹಾಕಿದ್ದೆ ಸಾರ್. ನಮ್ ರಂಗಸ್ವಾಮಿ ಸಾರ್ ತೆಗೆಸಿಬಿಟ್ರು. ಸ್ಟ್ಯಾಂಡರ್ಡ್ ಆಗಿರಲ್ಲ ಅಂದ್ರು" ಎಂದಳು.

ಈ ರಂಗಸ್ವಾಮಿ ಯಾರು ಗೊತ್ತೆ? ಆ ಪುಟ್ಟತಾಯಮ್ಮನ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬನೇ ಮಗ.

ಅತ್ತೆಯ ಬಗ್ಗೆ ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಬಡಪಾಯಿ ಹೆಂಗಸು ಎಂದುಕೊಳ್ಳಬೇಡಿ, ಮಹಾ ಜಂಬದವಳು. ಸೋಬಾನೆ ಹಾಡಲು ಕರೆದರೆ ಎಲೆಅಡಿಕೆ ತಟ್ಟೆ ತನ್ನ ಮುಂದೆಯೇ ಮೊದಲು ಬರಬೇಕು, ಇಲ್ಲದಿದ್ದರೆ ಗಂಟಲು ಕಟ್ಟಿದೆ ಅನ್ನುವಳು. ಬೀಗರು ಊಟಕ್ಕೆ ಕೂತಾಗ ಹಾಡಿನಲ್ಲೇ ಅವರ ಕಾಲೆಳೆಯುವುದು ನಮ್ಮ ಕಡೆಯ ಪದ್ಧತಿ. ಉಳಿದ ಹೆಂಗಸರು ಹಳೆಯ ಪದಗಳನ್ನೇ ಹಾಡಿದರೆ ಅತ್ತೆ ಪಂಕ್ತಿಯ ಮೇಲೆ ಒಮ್ಮೆ ಕಣ್ಣಾಡಿಸಿ ಅಲ್ಲಿಯೇ ಹೊಸದು ಕಟ್ಟುತ್ತಿದ್ದಳು. ಕುಣಿಗಲ್ಲಿನಲ್ಲಿ ನನ್ನ ಅಕ್ಕನ ಮದುವೆಯಾದಾಗ ಗಂಡಿನ ಸೋದರಮಾವ ತನ್ನ ಹೊಸ ಬೂಟು ಯಾರಾದರೂ ಹೊತ್ತೊಯ್ದಾರೆಂದು ಚೀಲಕ್ಕೆ ಹಾಕಿ ಪಕ್ಕದಲ್ಲೇ ಇಟ್ಟುಕೊಂಡು ಊಟಕ್ಕೆ ಕೂತಿದ್ದ. ಅತ್ತೆ ಶುರುಮಾಡಿದಳು:

"ಎಲೆಯ ಮುಂದೆ ಬೀಗಣ್ಣ, ಬಗಲಾಗೆ ಚೀಲಣ್ಣ,
ಚೀಲಕ್ಕೂ ಎಲೆ ಹಾಕ್ರಮ್ಮ, ಬೂಟಿಗೆ ಹಸಿವಾಗೈತೆ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು, ಬೂಟಿನವನೂ ನಕ್ಕ. ಆದರೆ ಗಂಡಿನ ಕಡೆ ಉತ್ತರ ಕಟ್ಟಿ ಹಾಡುವವರು ಒಬ್ಬರೂ ಇರಲಿಲ್ಲ. ಅತ್ತೆ ಎದ್ದು ಸೀರೆ ಕೊಡವಿಕೊಂಡು ಹೋಗಿ ಆ ಹೆಂಗಸರ ನಡುವೆ ಕೂತು, ಅವರ ಪರವಾಗಿ ತನ್ನ ಸ್ವಂತ ಅಣ್ಣನನ್ನೇ, ಅಂದರೆ ನಮ್ಮಪ್ಪನನ್ನು, ಹಿಡಿದುಕೊಂಡಳು. ಅಪ್ಪ ತಮ್ಮ ಮದುವೆಯ ಕೋಟನ್ನೇ ಹಟ ಹಿಡಿದು ಹಾಕಿಕೊಂಡು, ಉಸಿರು ಬಿಡಲಾರದೆ ನಿಂತಿದ್ದರು. 'ಪಾಯಸದ ಲೋಟ ಮುಚ್ಚಿಕೊಳ್ಳಿ ಬೀಗಮ್ಮ, ಹೆಣ್ಣಿನಪ್ಪನ ಕೋಟಿನ ಗುಂಡಿ ಹಾರಿ ಬಂದೀತು' ಎಂದು ಹಾಡಿದಳು. ಆಮೇಲೆ ನನ್ನನ್ನು ಕರೆದು, "ಎದ್ರಿಗೆ ಬಾಯಿಲ್ದೋರ್ನ ಬೈಯಬಾರ್ದು ಕಣ್ಲಾ. ಬೈದ್ರೆ ಅವ್ರ ಬಾಯಿ ನಾವೇ ಆಗ್ಬೇಕು" ಎಂದಳು. ಇವತ್ತಿಗೂ ನಾನು ಕಲಿಸುವುದು ಅದನ್ನೇ.

ಅಂಥವಳು ತನ್ನ ಮಗನ ಮದುವೆಗೆಂದು ಎಷ್ಟು ಪದ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದಳೋ! ತುಮಕೂರಿನ ಛತ್ರದಲ್ಲಿ ರಂಗಸ್ವಾಮಿ ನನ್ನೆದುರಿಗೇ ಹೇಳಿದ: "ಅಮ್ಮ, ನಮ್ ಮ್ಯಾನೇಜರ್ ಎಲ್ಲ ಬರ್ತಾರೆ. ಆರ್ಕೆಸ್ಟ್ರಾ ಹೇಳಿದೀನಿ. ನೀನು ದಯವಿಟ್ಟು ಬಾಯಿ ಬಿಡ್ಬೇಡ." ಅವ್ವ ಎಂದು ಕರೆಯುವುದನ್ನು ಅವನು ಕೆಲಸ ಸಿಕ್ಕಿದ ಮೇಲೆ ಬಿಟ್ಟಿದ್ದ. ಅತ್ತೆ ಆಗಲಿ ಎಂದಳು. ಆರ್ಕೆಸ್ಟ್ರಾದಲ್ಲಿ ಮೈಕ್ ಹಿಡಿದಿದ್ದವನು ಮದುಮಗಳ ಬಣ್ಣ ಕಪ್ಪೆಂದು ಜೋಕು ಹೊಡೆದ. ಕರೆಂಟ್ ಹೋದರೆ ಹೆಂಡತಿಯನ್ನು ಹೇಗೆ ಹುಡುಕ್ತೀರಿ ಸಾರ್ ಎಂದ. ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಆ ಹುಡುಗಿ ತಗ್ಗಿಸಿದ ತಲೆ ಎತ್ತಲಿಲ್ಲ. ಪಕ್ಕದಲ್ಲಿದ್ದ ಅತ್ತೆ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದುಕೊಂಡಳು. ಮಗನಿಗೆ ಮಾತು ಕೊಟ್ಟಿದ್ದಳು, ಬಾಯಿ ಬಿಡಲಿಲ್ಲ. ಆಮೇಲೆ ಯಾರ ಮದುವೆಯಲ್ಲೂ ಹಾಡಲಿಲ್ಲ. ಆ ಮೈಕಿನವನಿಗೆ ಶಾಲು ಹೊದೆಸಿದರು, ಇವಳಿಗೆ ಬಾಯಿಗೆ ಬೀಗ. ಇದು ಸ್ಟ್ಯಾಂಡರ್ಡು!

ತರಗತಿಯ ದಿನ ಬೆಳಿಗ್ಗೆ ಅತ್ತೆಗೆ ಫೋನ್ ಮಾಡಿದೆ. ಈಗ ಅವಳು ತುಮಕೂರಿನಲ್ಲಿ ಮಗನ ಮನೆಯಲ್ಲೇ ಇದ್ದಾಳೆ. ಪೋಸ್ಟರಿನ ವಿಷಯ ಹೇಳಿದರೆ, "ಓಗ್ಲಿ ಬುಡ್ಲಾ. ನನ್ನೆಸ್ರು ಕೇಳುದ್ರೆ ಅವ್ನು ನಾಚ್ಕತಾನೆ. ಇರು, ಅವ್ನ್ಗೆ ಡಬ್ಬಿ ಕಟ್ಬೇಕು" ಎಂದು ಇಟ್ಟುಬಿಟ್ಟಳು.

ಕಾರ್ಖಾನೆಯ ಹಾಲಿನಲ್ಲಿ ರಂಗಸ್ವಾಮಿ ಇಸ್ತ್ರಿ ಷರಟು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ. ಮನೆಯಲ್ಲಿ ನಾನು ಅವನಿಗೆ ಭಾವ, ಅಲ್ಲಿ ಮಾತ್ರ ಸಾರ್. ನಾನು ಆಟದ ಮೊದಲ ನಿಯಮ ಹೇಳಿದೆ: ಎದುರಿನವರು ಏನೇ ಅಂದರೂ ಇಲ್ಲ ಅನ್ನಬಾರದು, ಒಪ್ಪಿಕೊಂಡು ಮುಂದಕ್ಕೆ ಬೆಳೆಸಬೇಕು. ಯೂನಿಫಾರಂ ತೊಟ್ಟ ಹೆಣ್ಣುಮಗಳೊಬ್ಬಳು ಎದ್ದು, "ಸಾರ್, ಇದನ್ನ ನಿಮಗೆ ಕಲಿಸಿದ್ಯಾರು?" ಎಂದಳು.

"ಕಡಬದ ಪುಟ್ಟತಾಯಮ್ಮ."

"ಅವರ್ಯಾರು ಸಾರ್?"

ನಾನು ರಂಗಸ್ವಾಮಿಯ ಕಡೆ ತಿರುಗಿ, "ನೀವೇ ಹೇಳಿ" ಎಂದೆ. ಅವನು ಕರ್ಚೀಫಿನಿಂದ ಬಾಯಿ ಒರೆಸಿಕೊಂಡ. "ನಮ್ಮೂರೋರು," ಅಂದ. "ಯಾರೋ ವಯಸ್ಸಾದೋರು ಒಬ್ರು."

ಆಗ ತಾನೇ ಹೇಳಿಕೊಟ್ಟ ನಿಯಮದ ಪ್ರಕಾರ ನಾನು ಒಪ್ಪಿಕೊಂಡು ಮುಂದುವರಿಯಬೇಕಿತ್ತು.

"ಇಲ್ಲ," ಅಂದೆ. "ಇವರ ಹೆತ್ತ ತಾಯಿ. ಈವತ್ತು ಬೆಳಿಗ್ಗೆ ಇವರಿಗೆ ಊಟದ ಡಬ್ಬಿ ಕಟ್ಟಿಕೊಟ್ಟಿದ್ದೂ ಅವರೇ."

ಹಾಲಿನಲ್ಲಿ ಒಬ್ಬರೂ ನಗಲಿಲ್ಲ. ಅತ್ತೆಯ ಹೆಸರನ್ನು ನಾನೂ ಆವತ್ತು ಮೊದಲ ಸಲ ನಗದೆ ಹೇಳಿದ್ದೆ.