ಗಂಟು ಬೇಡದ ದಾರ

ಹಾಸನದ ಆಸ್ಪತ್ರೆಯೊಂದರಲ್ಲಿ ಕಿಡ್ನಿ ಆಪರೇಷನ್ ಮಾಡುವ ನನಗೆ ಒಂದು ಜಂಬವಿತ್ತು. ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ, ನಾಲ್ಕು ಸಣ್ಣ ತೂತುಗಳಿಂದ ಕ್ಯಾಮೆರಾ ಮತ್ತು ಕಡ್ಡಿಯಂಥ ಉಪಕರಣಗಳನ್ನು ಇಳಿಸಿ, ಒಳಗೇ ದಾರಕ್ಕೆ ಗಂಟು ಹಾಕುವುದರಲ್ಲಿ ನನ್ನಷ್ಟು ಚುರುಕಿನ ಕೈ ಜಿಲ್ಲೆಯಲ್ಲೇ ಇಲ್ಲ ಎಂದು. ಬೇರೆ ಯಾರೂ ಇದನ್ನು ಹೇಳಿರಲಿಲ್ಲ. ನಾನೇ ಆಗಾಗ ಹೇಳಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಗಂಟೇ ಬೇಡದ ದಾರ ಬಂತು. ಮೈತುಂಬ ಸಣ್ಣ ಮುಳ್ಳು. ಎಳೆದಲ್ಲೇ ಕಚ್ಚಿ ಹಿಡಿಯುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಅಭ್ಯಾಸಕ್ಕೆಂದು ಕೋಳಿ ಚರ್ಮ ಹೊಲಿಯಲು ಹೋಗಿ ತಪ್ಪು ಜಾಗದಲ್ಲಿ ಎಳೆದೆ. ಬಿಡಿಸಹೋದರೆ ಚರ್ಮವೇ ಹರಿಯಿತು. ದಾರ ಸರಿಯಿಲ್ಲ ಎಂದು ತೀರ್ಪು ಕೊಟ್ಟೆ. ಥಿಯೇಟರಿನ ಹಿರಿಯ ನರ್ಸ್, ಅರಕಲಗೂಡಿನವರು, ನನಗಿಂತ ಹೆಚ್ಚು ಆಪರೇಷನ್ ಕಂಡವರು, ಉಳಿದ ಪ್ಯಾಕೆಟ್‌ಗಳನ್ನು ಕಪಾಟಿನಲ್ಲಿಟ್ಟರು.

ಆಗ ಹೊಳೆನರಸೀಪುರದಿಂದ ಬ್ಲೌಸ್ ಹೊಲಿಯುವ ಹೆಂಗಸೊಬ್ಬರು ಬಂದರು. ಎಡ ಕಿಡ್ನಿಯಲ್ಲಿ ನೆಲ್ಲಿಕಾಯಿ ಗಾತ್ರದ ಗಡ್ಡೆ. ಅದನ್ನಷ್ಟೇ ತೆಗೆದು ಕಿಡ್ನಿ ಉಳಿಸಬೇಕಿತ್ತು. ತೆಗೆದ ಜಾಗವನ್ನು ಹೇಗೆ ಹೊಲಿಯುತ್ತೀರಿ ಎಂದು ಅವರು ಕೇಳಿದ್ದೇ ತಡ, ಎರಡೂ ದಾರದ ತುಂಡು ತೋರಿಸಿ ನನ್ನ ಗಂಟಿನ ಮಹಿಮೆಯನ್ನು ಹತ್ತು ನಿಮಿಷ ವರ್ಣಿಸಿದೆ. ಅವರು ಮುಳ್ಳಿನ ದಾರವನ್ನು ಸೆರಗಿನ ಅಂಚಿಗೆ ಎಳೆದು ನೋಡಿದರು.

"ಇದು ಕಚ್ಕಂಡ್ರೆ ಬುಡಲ್ಲ ಸಾ. ಒಲಿಯಾಕೆ ಇದೇ ವಾಸಿ."

ನಾನು ನಕ್ಕೆ.

ಆಪರೇಷನ್ ದಿನ, ಕಿಡ್ನಿಗೆ ರಕ್ತ ಒಯ್ಯುವ ನಾಳಕ್ಕೆ ಕ್ಲಿಪ್ಪು ಹಾಕಿ ಗಡ್ಡೆ ತೆಗೆದೆ. ಕ್ಲಿಪ್ಪು ಇದ್ದಷ್ಟು ಹೊತ್ತೂ ಕಿಡ್ನಿ ಸೊರಗುತ್ತದೆ. ಬೇಗ ಹೊಲಿದು ಬಿಚ್ಚಬೇಕು. ನಾನು ಗಂಟು ಹಾಕುವಷ್ಟರಲ್ಲಿ ಹಿಂದಿನ ಹೊಲಿಗೆ ಸಡಿಲವಾಯಿತು. ಬಿಗಿದೆ, ಮತ್ತೆ ಸಡಿಲ. ನರ್ಸ್ ನಿಮಿಷ ಹೇಳುತ್ತಾ ಹೋದರು. ಹದಿನೈದು ಎಂದಾಗಲೂ ಗಂಟು ಕೂತಿರಲಿಲ್ಲ. ಆ ಹೆಂಗಸಿನ ಕಿಡ್ನಿಗಿಂತ ನನ್ನ ಗಂಟು ದೊಡ್ಡದಲ್ಲ ಎಂದು ಹೊಳೆಯಲು ಅಷ್ಟು ಹೊತ್ತು ಬೇಕಾಯಿತು. ಮುಳ್ಳಿನ ದಾರ ತೆಗೆಯಿರಿ ಎಂದೆ.

"ಆಗ್ಲೇ ತೆಗ್ದಿಟ್ಟಿದೀನಿ ಸಾ," ಎಂದರು ನರ್ಸ್.

ಹೊಲಿಗೆಗಳು ಎಳೆದಲ್ಲೇ ನಿಂತವು. ಕ್ಲಿಪ್ಪು ಬಿಚ್ಚಿದೆ. ರಕ್ತ ಒಸರಲಿಲ್ಲ. ಬಿಳಿಚಿದ್ದ ಕಿಡ್ನಿ ಮೆಲ್ಲಗೆ ಕೆಂಪೇರಿತು.

ತಿಂಗಳು ಕಳೆದು ಅವರು ತೋರಿಸಿಕೊಳ್ಳಲು ಬಂದಾಗ, ನೀವು ಹೇಳಿದ ದಾರದಲ್ಲೇ ಹೊಲಿದೆ ಎಂದು ಒಪ್ಪಿಕೊಂಡೆ. ಅವರಿಗೆ ಅದೇನೂ ಆಶ್ಚರ್ಯವಾಗಲಿಲ್ಲ. ಕಳೆದುಕೊಂಡ ಗಾಂಭೀರ್ಯವನ್ನು ಮರಳಿ ಪಡೆಯಲು, ಇನ್ನೆರಡು ವಾರ ಹೊಲಿಗೆ ಮಿಷನ್ ಮುಟ್ಟಬೇಡಿ ಎಂದು ಕಟ್ಟಪ್ಪಣೆ ಮಾಡಿದೆ. ಅವರು ತಲೆ ತಗ್ಗಿಸಿದರು.

"ಮದ್ವೆ ಟೈಮು ಸಾ. ಓದ್ ವಾರದಿಂದ್ಲೇ ತುಳೀತಿವ್ನಿ."

ಸ್ಕ್ಯಾನಿನಲ್ಲಿ ಎಲ್ಲ ಸರಿಯಾಗಿತ್ತು. ಎರಡು ವಾರದ ಕಟ್ಟಪ್ಪಣೆಯನ್ನು ಅಲ್ಲೇ ಹಿಂದಕ್ಕೆ ತೆಗೆದುಕೊಂಡೆ.