ಸಾಕಮ್ಮಜ್ಜಿ ಆರಿಸಿದ ಹೆಸರು

ಕಳೆದ ವಾರ ಹುಣಸೂರಿಗೆ ಗೆಳತಿಯ ಮೊಮ್ಮಗುವನ್ನು ನೋಡಲು ಹೋಗಿದ್ದೆ. ಬಾಣಂತಿಯ ಕೋಣೆಗೆ ಕಾಲಿಟ್ಟಿದ್ದೇ ತಡ, ಸಾಂಬ್ರಾಣಿ ಹೊಗೆ, ತೇಯ್ದ ಬಜೆ, ಬೆಚ್ಚಗಿನ ಹರಳೆಣ್ಣೆ ಎಲ್ಲ ಬೆರೆತ ಆ ವಾಸನೆ ಮೂಗಿಗೆ ಬಂದು, ನಿಂತಲ್ಲೇ ನಾನು ಒಂಬತ್ತು ವರ್ಷದವಳಾಗಿಬಿಟ್ಟೆ. ಕೃಷ್ಣರಾಜನಗರದಲ್ಲಿ ಸಾಲಿಗ್ರಾಮದ ರಸ್ತೆಗೆ ಮುಖ ಮಾಡಿದ್ದ ನಮ್ಮ ಹೆಂಚಿನ ಮನೆ, ಮುಂದಿನ ಕೋಣೆಯಲ್ಲಿ ಅಪ್ಪನ ಬೆಲ್ಲದ ಮಂಡಿ, ನಡುಮನೆಯ ಪಕ್ಕದ ಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದ ಅಮ್ಮ. ಎಲ್ಲವನ್ನೂ ಕಳೆದುಕೊಂಡ ಮೇಲೂ ಒಂದು ವಾಸನೆ ಉಳಿದಿರುತ್ತದಲ್ಲ, ನಿಮಗೂ ಅದು ಗೊತ್ತಿರಬಹುದು.

ಅಮ್ಮ ಗೋಡೆಯ ಕಡೆ ತಿರುಗಿದ್ದಕ್ಕೆ ಕಾರಣವಿತ್ತು. ಮನೆಯಲ್ಲಿ ನಾವಾಗಲೇ ಮೂವರು ಹೆಣ್ಣುಮಕ್ಕಳು: ಮಹಾದೇವಿ, ಪಾರ್ವತಿ, ಕೊನೆಯವಳು ಗಿರಿಜೆ, ಅಂದರೆ ನಾನು. ನಾಲ್ಕನೆಯದೂ ಹೆಣ್ಣಾಗಿತ್ತು. ಅಪ್ಪನ ಅಕ್ಕ ನಂಜಮ್ಮತ್ತೆ ಪಿರಿಯಾಪಟ್ಟಣದಿಂದ ಬಂದವಳೇ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ನಮ್ಮವ್ವನ್ ಎಸ್ರೇ ಇಕ್ಕುಬುಡಿ, ಸಾಕಮ್ಮ ಅಂತ. ಅವ್ವನ್ ಎಸ್ರೂ ಉಳೀತದೆ, ಇನ್ನು ಸಾಕು ಅಂತ ದೇವ್ರಿಗೂ ತಿಳೀತದೆ" ಅಂದಳು. ಅಪ್ಪ ತಲೆಯಾಡಿಸಿದರು. ತಾಯಿಗೆ ಮರ್ಯಾದೆ ಮಾಡುತ್ತಿದ್ದೇನೆ ಎಂದೇ ಅವರ ಎಣಿಕೆ.

ಪಡಸಾಲೆಯಲ್ಲಿ ಅಕ್ಕಿ ಕೇರುತ್ತಿದ್ದ ಸಾಕಮ್ಮಜ್ಜಿ ಮೊರ ಕೆಳಗಿಟ್ಟಳು.

"ಆ ಎಸ್ರು ಬ್ಯಾಡ."

"ಯಾಕವ್ವಾ?"

"ನಮ್ಮಪ್ಪಂಗೆ ನಾನು ಐದ್ನೇ ಎಣ್ಣು. ಸಾಕು ಅಂತ್ಲೇ ಇಕ್ಕಿದ್ದು. ಯಾರು ಕೂಗಿದ್ರೂ ನೀನ್ಯಾಕ್ ಬಂದೆ ಅಂದಂಗೇ ಕೇಳ್ಸೋದು. ಇಷ್ಟು ವರ್ಸ ಕೇಳಿದೀನಿ, ನಂಗಾಯ್ತು ಬುಡು. ಈ ಕೂಸ್ಗೆ ರಾಣೀರ್ ಎಸ್ರೇ ಆಗ್ಬೇಕು ಕಣೇ ನಂಜಿ."

ಅಜ್ಜಿಯ ಹೆಸರಿಗೆ ಒಂದು ಅರ್ಥವಿದೆ ಎಂದು ನಮಗೆ ಅದುವರೆಗೆ ಹೊಳೆದೇ ಇರಲಿಲ್ಲ. ಅತ್ತೆ ಮಾತ್ರ ಎದ್ದು ಹೋಗುತ್ತ, "ಬೆಲ್ಲ ಮಾರೋರ್ ಮನೆಗೆ ರಾಣಿ ಎಸ್ರಂತೆ, ಬೀದಿ ಜನ ನಗಾಡ್ತಾರೆ" ಅಂದಳು.

ಅಲ್ಲಿಂದ ಮುಂದಿನ ಒಂದು ವಾರ ನಮ್ಮ ಮನೆಯಲ್ಲಿ ಹಬ್ಬ. ಹೆಸರು ಹುಡುಕುವ ಕೆಲಸ ನಮ್ಮ ಮೂವರದು, ಪರೀಕ್ಷೆ ಅಜ್ಜಿಯದು. ಹಿತ್ತಲ ತುದಿಯಲ್ಲಿ ನಿಂತು ನಾವು ಹೆಸರು ಕೂಗಬೇಕು, ಅಜ್ಜಿ ಹಿಂಬಾಗಿಲ ಜಗಲಿಯಲ್ಲಿ ಕೂತು ಕೇಳಬೇಕು. "ರಾಜೇಶ್ವರೀ" ಎಂದು ಮಹಾದೇವಿ ಕೂಗಿದರೆ, "ನಾಳೆ ರಾಜಿ ಅಂತಾರೆ, ಬ್ಯಾಡ" ಎನ್ನುವಳು. ಪದ್ಮಾವತಿ ಪದ್ದಿಯಾಗುತ್ತಾಳೆ, ಚಂದ್ರಮತಿ ಚಂದ್ರಿಯಾಗುತ್ತಾಳೆ. ಮಹಾದೇವಿ ಮಾದಿಯಾಗಿ, ಪಾರ್ವತಿ ಪಾರಿಯಾಗಿ, ನಾನು ಗಿರ್ಜಿಯಾಗಿದ್ದ ಮನೆಯಲ್ಲಿ ಈ ಭಯ ಸುಳ್ಳೂ ಆಗಿರಲಿಲ್ಲ. ಕೂಗಿ ಕೂಗಿ ನಮ್ಮ ಗಂಟಲು ಕಟ್ಟಿತು. ಕೋಣೆಯೊಳಗೆ ಅಮ್ಮ ಮಗ್ಗುಲು ಬದಲಿಸಿ ನಮ್ಮ ಕಡೆ ತಿರುಗಿ ನಗುತ್ತಿದ್ದುದನ್ನು ಮೊದಲು ಕಂಡವಳು ನಾನೇ.

ಕೊನೆಗೆ ದಾರಿ ತೋರಿಸಿದವರು ರಹಮತ್ ಸಾಬರು. ನಮ್ಮ ಬೀದಿಯ ಬಡಗಿ. ಹಳೆಯ ತೊಟ್ಟಿಲಿನ ಮುರಿದ ಗುಬುಟು, ಮೂಲೆಯ ಮರದ ಗುಂಡು, ಸರಿಮಾಡಿ ತಂದಿದ್ದರು. ಅಜ್ಜಿಯ ಕಷ್ಟ ಕೇಳಿ, "ಮೈಸೂರಲ್ಲಿ ಅರಸು ಮನೆತನದವ್ರ ಮನೆ ಬಾಗ್ಲು ಮಾಡಿದ್ದೆ ಅಮ್ಮ. ಅವ್ರಲ್ಲಿ ರಾಣೀರ ಹೆಸ್ರೆಲ್ಲ ಅಮ್ಮಣ್ಣಿ ಅಂತ್ಲೇ ಮುಗಿಯೋದು, ಸಣ್ಣ ಮಗೂನೂ ಅಮ್ಮಣ್ಣಿ ಅಂತ್ಲೇ ಕರೆಯೋದು" ಅಂದರು.

ಅಜ್ಜಿ ಅಮ್ಮಣ್ಣಿ ಎಂದು ಎರಡು ಸಲ ತನಗೆ ತಾನೇ ಹೇಳಿಕೊಂಡಳು. ಆಮೇಲೆ ದೊಡ್ಡದಾಗಿ, "ರತ್ನಾಜಮ್ಮಣ್ಣಿ! ಎಷ್ಟು ಮೊಟಕು ಮಾಡುದ್ರೂ ಅಮ್ಮಣ್ಣಿಗಿಂತ ಕೆಳೀಕೆ ಇಳಿಯಾಕಿಲ್ಲ, ನೋಡ್ರವ್ವಾ" ಎಂದು ಚಪ್ಪಾಳೆ ತಟ್ಟಿದಳು.

ಆದರೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ನಂಜಮ್ಮತ್ತೆ ಹೂಂ ಅಂದಿರಲೇ ಇಲ್ಲ. ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ಹೆಂಗಸರು, ಕಡಲೆ ಉಸಲಿಯ ಘಮ, ಸೇವಂತಿಗೆ. ಅತ್ತೆ ಮಗುವಿನ ಮೇಲೆ ಬಾಗಿದಳು. ಅಜ್ಜಿ ತೊಟ್ಟಿಲ ಹಗ್ಗ ಬಿಗಿಯಾಗಿ ಹಿಡಿದು ನಿಂತಿದ್ದಳು. ಅತ್ತೆಯ ತುಟಿ ಮೂರು ಸಲ ಅಲ್ಲಾಡಿತು, ನಮಗೆ ಏನೂ ಕೇಳಿಸಲಿಲ್ಲ.

"ಏನಂದ್ರಿ ಅತ್ತೆ?" ಎಂದು ನಾನು ತಡೆಯಲಾರದೆ ಕೇಳಿದೆ.

ಅತ್ತೆ ನೆಟ್ಟಗಾದಳು. "ರತ್ನಾಜಮ್ಮಣ್ಣಿ ಅಂದೆ. ಇನ್ನೇನಂತಾರೆ?" ಅಂದಳು. ಕಣ್ಣು ತುಂಬಿತ್ತು. ಆಮೇಲೆ ಯಾರೂ ಎಣಿಸದ ಕೆಲಸ ಮಾಡಿದಳು. ಅಜ್ಜಿಯ ಭುಜ ಹಿಡಿದು, "ಅವ್ವಾ, ನಿಂಗೂ ಒಂದು ಎಸ್ರು ಇಕ್ತೀನಿ, ಬಗ್ಗು" ಎಂದು ಅವಳ ಕಿವಿಯಲ್ಲೂ ಮೂರು ಸಲ ಏನನ್ನೋ ಹೇಳಿದಳು. ಅಜ್ಜಿ ಮೊದಲು ನಾಚಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆಮೇಲೆ ಮೈಯೆಲ್ಲ ಕುಲುಕುವಂತೆ ನಕ್ಕಳು. ಅಜ್ಜಿ ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಬೀದಿ ಜನ ನಕ್ಕರು, ನಿಜ. ಎರಡು ತಿಂಗಳಲ್ಲಿ ಅವರೂ ಅಮ್ಮಣ್ಣಿ, ಅಮ್ಮಣ್ಣಿ ಎಂದು ಕರೆದು ಎತ್ತಿಕೊಳ್ಳತೊಡಗಿದರು. ಈಗ ಅಮ್ಮಣ್ಣಿ ಹೆಗ್ಗಡದೇವನಕೋಟೆಯಲ್ಲಿ ಶಾಲೆಯ ಟೀಚರು. ಅರ್ಜಿಗಳ ಚೌಕದಲ್ಲಿ ತನ್ನ ಹೆಸರು ಹಿಡಿಸುವುದಿಲ್ಲ ಎಂದು ಗೊಣಗುತ್ತಾಳೆ, ಆದರೆ ಒಂದಕ್ಷರವನ್ನೂ ಬಿಡುವುದಿಲ್ಲ.

ಆ ಮನೆ ಇದ್ದಲ್ಲಿ ಈಗ ಎರಡು ಅಂಗಡಿಗಳಿವೆ. ಅಜ್ಜಿ ಹೋಗಿ ಬಹಳ ಕಾಲವಾಯಿತು, ನಂಜಮ್ಮತ್ತೆ ಹೋದ ವರ್ಷ ತೀರಿಕೊಂಡಳು. ಅಂದು ಅಜ್ಜಿಗೆ ಇಟ್ಟ ಹೆಸರೇನು ಎಂದು ನಾವು ಎಷ್ಟು ಕಾಡಿದರೂ ಅತ್ತೆ, "ಅದು ನಮ್ಮವ್ವನ್ ಎಸ್ರು ಕಣ್ರೇ, ನಿಮಗ್ಯಾಕೆ?" ಎಂದು ನಗುತ್ತಿದ್ದಳು. ಆ ಹೆಸರು ಗೊತ್ತಿದ್ದವರು ಲೋಕದಲ್ಲಿ ಅವರಿಬ್ಬರೇ.